ಹೆಸರು ತಿಳಿಯುವ ಮೊದಲಿನ ಒಂದು ಗಂಟೆ

2025ರ ಮೇ 8ರಂದು ರೋಮ್‌ನಲ್ಲಿ ಸಂಜೆ ಆರು ದಾಟಿ ಕೆಲವೇ ನಿಮಿಷಗಳಾಗಿದ್ದವು. ಹೊಸ ಪೋಪರ ಆಯ್ಕೆಯಾಯಿತೆಂದು ಸಾರುವ ಬಿಳಿ ಹೊಗೆ ಸಿಸ್ಟೀನ್ ಚಾಪೆಲ್‌ನ ಚಿಮಣಿಯಿಂದ ಎದ್ದಿತು, ಸಂತ ಪೇತ್ರರ ಮಹಾದೇವಾಲಯದ ಗಂಟೆಗಳು ಮೊಳಗಿದವು, ಚೌಕದಲ್ಲಿ ನೆರೆದಿದ್ದ ಸಾವಿರಾರು ಜನ ಒಮ್ಮೆಲೇ ಹರ್ಷದಿಂದ ಕೂಗಿದರು. ಆಯ್ಕೆಯಾದವರು ಯಾರೆಂಬುದು ಆಗ ಅವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಕಾರ್ಡಿನಲ್ ದೊಮಿನಿಕ್ ಮಾಂಬೆರ್ತಿ ಅವರು ಮೇಲಿನ ಮೊಗಸಾಲೆಗೆ ಬಂದು ಲ್ಯಾಟಿನ್ ಭಾಷೆಯಲ್ಲಿ ಹೆಸರನ್ನು ಸಾರುವುದಕ್ಕೆ ಇನ್ನೂ ಸುಮಾರು ಒಂದು ಗಂಟೆ ಬಾಕಿಯಿತ್ತು. ಹೊಸ ಪೋಪ್ ಆಯ್ಕೆಗೆ ಕಥೋಲಿಕರು ತೋರಿದ ಪ್ರತಿಕ್ರಿಯೆಗಳಲ್ಲಿ ನಮ್ಮ ವಿಶ್ವಾಸಕ್ಕೆ ಅತ್ಯಂತ ಹತ್ತಿರವಾದದ್ದು ಆ ಒಂದು ಗಂಟೆಯ ಸಂತೋಷ ಎಂದು ನಾನು ತಿಳಿದಿದ್ದೇನೆ. ಹೆಸರು ಹೊರಬಿದ್ದ ಮೇಲೆ ನಡೆದದ್ದರಲ್ಲಿ ಬಹುಪಾಲು ಪಕ್ಷ ರಾಜಕೀಯದ ಮಾತು.

ಯಾರೆಂದು ಗೊತ್ತಿಲ್ಲದವರಿಗಾಗಿ ಜನ ಹೇಗೆ ಸಂತೋಷಪಟ್ಟರು ಎಂದು ಹೊರಗಿನವರು ಕೇಳಬಹುದು. ಹಿಂದಿನ ಪೋಪ್ ಫ್ರಾನ್ಸಿಸ್ ಅವರು ಏಪ್ರಿಲ್ 21ರಂದು, ಪುನರುತ್ಥಾನ ಹಬ್ಬದ ಮರುದಿನ, ತೀರಿಕೊಂಡಂದಿನಿಂದ ಪೇತ್ರರ ಪೀಠ, ಅಂದರೆ ಪೋಪರ ಸ್ಥಾನ, ಬರಿದಾಗಿತ್ತು. ಆ ದಿನಗಳಲ್ಲಿ ಜಗತ್ತಿನ ಎಲ್ಲೆಡೆಯೂ ಬಲಿಪೂಜೆಯ (ಮಾಸ್) ಮಹಾಪ್ರಾರ್ಥನೆಯಲ್ಲಿ ಪೋಪರ ಹೆಸರು ಹೇಳುವ ಜಾಗವನ್ನು ಬಿಟ್ಟು ಗುರುಗಳು (ಪಾದ್ರಿಗಳು) ಮುಂದೆ ಸಾಗುತ್ತಿದ್ದರು. ವಾರವಾರವೂ ಬಲಿಪೂಜೆಗೆ ಹೋಗುವವರ ಕಿವಿಗೆ ಆ ಖಾಲಿ ಜಾಗ ತಾಗುತ್ತದೆ. ಅದು ತುಂಬಿತು ಎಂಬುದೇ ಬಿಳಿ ಹೊಗೆಯ ಸುದ್ದಿ. ತುಂಬಿದವರು ಯಾರು ಎಂಬುದು ಅದರ ನಂತರದ ಪ್ರಶ್ನೆ. ಸುಮಾರು 140 ಕೋಟಿ ಕಥೋಲಿಕರನ್ನು ಒಂದು ಪ್ರಾರ್ಥನೆಯಲ್ಲಿ ಸೇರಿಸುವ ಸ್ಥಾನಕ್ಕೆ ಸಂದ ಗೌರವ ಅದು, ವ್ಯಕ್ತಿಗೆ ಸಂದದ್ದಲ್ಲ.

ಹೆಸರು ಹೊರಬಿದ್ದಾಗ ಚೌಕದಲ್ಲಿದ್ದ ಅನೇಕರು ಪರಸ್ಪರ ಮುಖ ನೋಡಿಕೊಂಡರು. ರಾಬರ್ಟ್ ಫ್ರಾನ್ಸಿಸ್ ಪ್ರಿವೋಸ್ಟ್, ಶಿಕಾಗೋದಲ್ಲಿ ಹುಟ್ಟಿದವರು, ಅಗಸ್ಟೀನಿಯನ್ ಸಭೆಯ ಸಂನ್ಯಾಸಿ, ಪೆರು ದೇಶದ ಚಿಕ್ಲಾಯೊದಲ್ಲಿ ಧರ್ಮಾಧ್ಯಕ್ಷರಾಗಿದ್ದವರು (ಬಿಷಪ್), 2023ರಿಂದ ವ್ಯಾಟಿಕನ್‌ನಲ್ಲಿ ಧರ್ಮಾಧ್ಯಕ್ಷರ ನೇಮಕಾತಿಯ ಇಲಾಖೆಯನ್ನು ನೋಡಿಕೊಳ್ಳುತ್ತಿದ್ದವರು. ಪತ್ರಿಕೆಗಳ ಪಟ್ಟಿಗಳಲ್ಲಿ ಮೊದಲಿಗೆ ಬರುತ್ತಿದ್ದ ಹೆಸರುಗಳು ಕಾರ್ಡಿನಲ್ ಪಾರೊಲಿನ್, ಕಾರ್ಡಿನಲ್ ತಾಗ್ಲೆ ಅವರದ್ದು. ಪೋಪ್ ಆಗಿ ಕಾನ್‌ಕ್ಲೇವ್ (ಪೋಪರನ್ನು ಆರಿಸುವ ಕಾರ್ಡಿನಲ್‌ಗಳ ಗುಪ್ತಸಭೆ) ಹೊಕ್ಕವನು ಕಾರ್ಡಿನಲ್ ಆಗಿ ಹೊರಬರುತ್ತಾನೆ ಎಂಬ ಇಟಲಿಯವರ ಹಳೆಯ ಗಾದೆ ಈ ಬಾರಿಯೂ ಸುಳ್ಳಾಗಲಿಲ್ಲ. 133 ಮಂದಿ ಮತದಾರರು, ಬೇಕಾಗಿದ್ದ ಮೂರನೇ ಎರಡರಷ್ಟು ಬಹುಮತ 89, ನಾಲ್ಕನೆಯ ಸುತ್ತಿಗೇ ತೀರ್ಮಾನ.

ಅಲ್ಲಿಂದ ಮುಂದೆ ಆದದ್ದು ಶಕುನ ನೋಡುವ ಕೆಲಸ. ಹದಿನಾಲ್ಕನೆಯ ಲಿಯೋ ಎಂಬ ಹೆಸರು ತಳೆದ ಪ್ರಿವೋಸ್ಟ್ ಹೆಗಲ ಮೇಲೆ ಮೊತ್ಸೆತ್ತಾ ಎಂಬ ಕೆಂಪು ಗಿಡ್ಡ ಮೇಲುಡುಪು ಧರಿಸಿ ಹೊರಬಂದರು. 2013ರಲ್ಲಿ ಫ್ರಾನ್ಸಿಸ್ ಅದನ್ನು ಧರಿಸಿರಲಿಲ್ಲ. ಇಷ್ಟೇ ಸಾಕಾಯಿತು, ಪರಂಪರೆ ಮರಳಿ ಬಂದಿತೆಂದು ಒಂದು ಗುಂಪು ಹಿಗ್ಗಿತು, ಸುಧಾರಣೆಯ ಕಾಲ ಮುಗಿಯಿತೆಂದು ಇನ್ನೊಂದು ಗುಂಪು ಕಳವಳಗೊಂಡಿತು. ಅವರು ಇಟಾಲಿಯನ್‌ನಲ್ಲಿ ಮಾತನಾಡಿ, ನಡುವೆ ಸ್ಪ್ಯಾನಿಷ್‌ನಲ್ಲಿ ತಮ್ಮ ಚಿಕ್ಲಾಯೊದ ಜನರಿಗೆ ವಂದನೆ ಹೇಳಿ, ಇಂಗ್ಲಿಷ್‌ನಲ್ಲಿ ಏನನ್ನೂ ಹೇಳದೆ ಒಳಗೆ ಹೋದುದಕ್ಕೂ ಅರ್ಥ ಕಟ್ಟಿದವರುಂಟು. ಅಷ್ಟರಲ್ಲಿ ಅವರ ಹಳೆಯ ಮಾತುಗಳ ಶೋಧ ಶುರುವಾಗಿತ್ತು. ಅಮೆರಿಕದ ಉಪಾಧ್ಯಕ್ಷ ವ್ಯಾನ್ಸ್ ಅವರ ವಾದವನ್ನು ಟೀಕಿಸಿದ ಲೇಖನವೊಂದನ್ನು ಆ ವರ್ಷದ ಫೆಬ್ರುವರಿಯಲ್ಲಿ ಅವರ ಖಾತೆಯಿಂದ ಹಂಚಿಕೊಂಡದ್ದು ಕೆಲವರಿಗೆ ಸಿಕ್ಕಿತು. ಸಲಿಂಗ ಸಂಬಂಧಗಳ ಬಗ್ಗೆ ಮಾಧ್ಯಮಗಳು ತೋರುವ ಸಹಾನುಭೂತಿಯನ್ನು ಆಕ್ಷೇಪಿಸಿ ಅವರು 2012ರಲ್ಲಿ ಆಡಿದ ಮಾತು ಇನ್ನು ಕೆಲವರಿಗೆ ಸಿಕ್ಕಿತು. ಹೊಸ ಪೋಪರು ಮೊದಲ ಬಲಿಪೂಜೆ ಅರ್ಪಿಸುವ ಮೊದಲೇ ಅವರು ಎಡಪಂಥದವರೆಂದೂ ಬಲಪಂಥದವರೆಂದೂ ತೀರ್ಪುಗಳು ಬಂದಾಗಿದ್ದವು. ತೀರ್ಪು ಕೊಟ್ಟವರಲ್ಲಿ ನಿತ್ಯ ಜಪಸರ ಹಿಡಿಯುವವರೂ ಇದ್ದರೆಂಬುದು ನನಗೆ ಬೇಸರ ತಂದಿದೆ.

ಸಂಭ್ರಮವನ್ನೆಲ್ಲ ನಾನು ಒಂದೇ ತಕ್ಕಡಿಯಲ್ಲಿ ಹಾಕುವುದಿಲ್ಲ. ಚಿಕ್ಲಾಯೊದ ಜನರಿಗೆ ತಮ್ಮೊಡನೆ ವರ್ಷಗಟ್ಟಲೆ ಬಾಳಿ, 2015ರಲ್ಲಿ ತಮ್ಮ ದೇಶದ ಪೌರತ್ವವನ್ನೂ ಪಡೆದವರು ಪೋಪ್ ಆದರೆಂಬ ಹೆಮ್ಮೆ ಇರುವುದು ಸಹಜ. ಅವರ ತಾಯಿಯ ಕಡೆಯ ಹಿರಿಯರು ನ್ಯೂ ಆರ್ಲಿಯನ್ಸ್‌ನ ಮಿಶ್ರ ಜನಾಂಗದ ಕ್ರಿಯೋಲ್ ಸಮುದಾಯದವರೆಂದು ವಂಶಾವಳಿಯ ದಾಖಲೆಗಳು ತೋರಿಸಿದಾಗ ಅಲ್ಲಿನ ಕಪ್ಪು ಕಥೋಲಿಕರಿಗೆ ಆದ ಆನಂದವೂ ಅಂಥದ್ದೇ. ಶಿಕಾಗೋದವರು ಅವರು ಯಾವ ಬೇಸ್‌ಬಾಲ್ ತಂಡದ ಅಭಿಮಾನಿ ಎಂದು ಜಗಳವಾಡಿ, ಕೊನೆಗೆ ಅವರ ಅಣ್ಣನ ಬಾಯಿಂದಲೇ ವೈಟ್ ಸಾಕ್ಸ್ ಎಂದು ಹೇಳಿಸಿಕೊಂಡರು. ಇದರಿಂದ ಧರ್ಮಸಭೆಗೆ ಯಾವ ಹಾನಿಯೂ ಇಲ್ಲ. ಈ ಬಾರಿಯಾದರೂ ಏಷ್ಯಾದ ಅಥವಾ ಆಫ್ರಿಕಾದ ಒಬ್ಬರು ಆಯ್ಕೆಯಾಗಲಿ ಎಂದು ಹಾರೈಸಿದ್ದವರ ನಿರಾಶೆಯನ್ನೂ ನಾನು ಹಗುರವಾಗಿ ಕಾಣಲಾರೆ. ವಿಶ್ವಾಸಿಗಳ ಸಂಖ್ಯೆ ಹೆಚ್ಚುತ್ತಿರುವುದು ಮುಖ್ಯವಾಗಿ ಆಫ್ರಿಕಾದಲ್ಲಿ ಎಂಬುದು ಕಾರ್ಡಿನಲ್‌ಗಳಿಗೂ ಗೊತ್ತಿರುವ ಸಂಗತಿ. ಈ ಹೆಮ್ಮೆಗೂ ಈ ನಿರಾಶೆಗೂ ಮೂಲದಲ್ಲಿ ಇರುವುದು ಪ್ರೀತಿ. ನಾನು ಆಕ್ಷೇಪಿಸುತ್ತಿರುವುದು ಪೋಪರನ್ನು ತಮ್ಮ ಬಣದ ನಾಯಕನೆಂದು ಎಣಿಸಿ, ಹಾಗಲ್ಲದಿದ್ದರೆ ಶತ್ರುವೆಂದು ಬಗೆಯುವ ಆತುರವನ್ನು.

ಈ ಆತುರಕ್ಕೆ ಚರಿತ್ರೆ ಒಮ್ಮೆಯೂ ಬೆಂಬಲ ಕೊಟ್ಟಿಲ್ಲ. 1846ರಲ್ಲಿ ಒಂಬತ್ತನೆಯ ಪಯಸ್ ಆಯ್ಕೆಯಾಗಿ ರಾಜಕೀಯ ಕೈದಿಗಳಿಗೆ ಕ್ಷಮಾದಾನ ಕೊಟ್ಟಾಗ ಯುರೋಪಿನ ಉದಾರವಾದಿಗಳು ಅವರನ್ನು ತಮ್ಮವರೆಂದು ಕೊಂಡಾಡಿದರು. ಎರಡೇ ವರ್ಷಗಳಲ್ಲಿ ಕ್ರಾಂತಿ ರೋಮ್‌ಗೆ ಬಂದು, ಅವರು ವೇಷ ಮರೆಸಿಕೊಂಡು ಗಾಯೆತಾಕ್ಕೆ ಓಡಿಹೋಗಬೇಕಾಯಿತು. ಅದೇ ಪೋಪ್ 1864ರಲ್ಲಿ ಆ ಕಾಲದ ಉದಾರವಾದವನ್ನು ಖಂಡಿಸುವ ತಪ್ಪುಗಳ ಪಟ್ಟಿಯನ್ನು ಹೊರಡಿಸಿದರು. ಇದಕ್ಕೆ ತದ್ವಿರುದ್ಧವಾದದ್ದು 1958ರಲ್ಲಿ ನಡೆಯಿತು. ಎಪ್ಪತ್ತೇಳರ ಹೊಸ್ತಿಲಲ್ಲಿದ್ದ ಇಪ್ಪತ್ತಮೂರನೆಯ ಜಾನ್ ಆಯ್ಕೆಯಾದಾಗ, ಮುಂದಿನವರು ಸಿದ್ಧವಾಗುವ ತನಕ ಪೀಠ ಕಾಯುವ ಮುದುಕರೆಂದು ಬಲ್ಲವರೇ ಹೇಳಿದ್ದರು. ಮೂರು ತಿಂಗಳು ಕಳೆಯುವ ಮುನ್ನ, 1959ರ ಜನವರಿ 25ರಂದು, ಅವರು ಜಗತ್ತಿನ ಧರ್ಮಾಧ್ಯಕ್ಷರೆಲ್ಲರ ಮಹಾಸಭೆಯನ್ನು ಕರೆಯುವುದಾಗಿ ಘೋಷಿಸಿದರು. ಇಂದು ನಾವು ನಮ್ಮ ನಮ್ಮ ಭಾಷೆಗಳಲ್ಲಿ ಬಲಿಪೂಜೆಗೆ ಉತ್ತರ ಹೇಳುತ್ತಿರುವುದು ಆ ಎರಡನೆಯ ವ್ಯಾಟಿಕನ್ ಮಹಾಸಭೆಯ ಫಲ. ಆಯ್ಕೆಯ ಸಂಜೆ ಇವರಿಬ್ಬರ ಬಗ್ಗೆ ಭವಿಷ್ಯ ನುಡಿದವರು ದಡ್ಡರಾಗಿರಲಿಲ್ಲ. ಆ ಸ್ಥಾನದಲ್ಲಿ ಕೂತ ಮನುಷ್ಯನ ಮೇಲೆ ಬೀಳುವ ಹೊರೆ ಎಂಥದ್ದೆಂಬುದು ಹೊರಗೆ ನಿಂತವರ ಎಣಿಕೆಗೆ ನಿಲುಕುವಂಥದ್ದಲ್ಲ, ಅಷ್ಟೇ.

ಇಷ್ಟು ಹೇಳಿದಾಗ, ಹಾಗಾದರೆ ಪವಿತ್ರಾತ್ಮರೇ ಆರಿಸಿದ್ದಾರೆ, ಬಾಯಿ ಮುಚ್ಚಿಕೊಂಡು ಒಪ್ಪಿಕೊಳ್ಳಬೇಕೇ ಎಂದು ಕೇಳುವವರಿದ್ದಾರೆ. ಧರ್ಮಸಭೆ ಹಾಗೆ ಬೋಧಿಸುವುದಿಲ್ಲ. ಮುಂದೆ ಹದಿನಾರನೆಯ ಬೆನೆಡಿಕ್ಟ್ ಆದ ಕಾರ್ಡಿನಲ್ ರಾಟ್ಸಿಂಗರ್ ಅವರೇ 1997ರಲ್ಲಿ ಬವೇರಿಯಾದ ದೂರದರ್ಶನಕ್ಕೆ ನೀಡಿದ ಸಂದರ್ಶನದಲ್ಲಿ, ಪವಿತ್ರಾತ್ಮರು ಪೋಪರನ್ನು ನೇರವಾಗಿ ಆರಿಸುತ್ತಾರೆ ಎನ್ನಲಾಗದು, ಅವರು ಖಂಡಿತ ಆರಿಸಿರಲಾರದಂಥ ಪೋಪರು ಬಹಳ ಮಂದಿ ಇದ್ದಾರೆ ಎಂಬರ್ಥದ ಮಾತು ಹೇಳಿದ್ದರು. ಅಂತಿಯೋಕ್ಯದಲ್ಲಿ ಪೌಲರು, ಮೊದಲ ಪೋಪರೆಂದು ನಾವು ಎಣಿಸುವ ಪೇತ್ರರನ್ನು ಎದುರಿಗೇ ಆಕ್ಷೇಪಿಸಿದ್ದನ್ನು ಗಲಾತ್ಯರಿಗೆ ಬರೆದ ಪತ್ರದಲ್ಲಿ ನಾವು ಓದುತ್ತೇವೆ. ಸಿಯೆನಾದ ಸಂತ ಕ್ಯಾಥರೀನ್ ಅವರು ಆಗ ಫ್ರಾನ್ಸಿನ ಅವಿನ್ಯೋನ್‌ನಲ್ಲಿ ನೆಲೆಸಿದ್ದ ಪೋಪ್ ಹನ್ನೊಂದನೆಯ ಗ್ರೆಗರಿಯವರಿಗೆ ಬರೆದ ಪತ್ರಗಳಲ್ಲಿ ಅಂಜಿಕೆ ಬಿಟ್ಟು ರೋಮ್‌ಗೆ ಮರಳುವಂತೆ ಖಾರವಾಗಿಯೇ ಒತ್ತಾಯಿಸಿದ್ದರು. ಆದರೆ ಅದೇ ಪತ್ರಗಳಲ್ಲಿ ಅವರು ಪೋಪರನ್ನು ಅಪ್ಪ ಎಂದೇ ಸಂಬೋಧಿಸಿದರು. ಮನೆಯ ಹಿರಿಯರಿಗೆ ಬುದ್ಧಿ ಹೇಳುವ ಮಗಳ ಸಿಟ್ಟಿಗೂ ಚುನಾವಣೆಯಲ್ಲಿ ಸೋತ ಪಕ್ಷದ ಸಿಟ್ಟಿಗೂ ಇರುವ ವ್ಯತ್ಯಾಸವನ್ನು ನಾವು ಮರೆಯಬಾರದು.

ಆ ದಿನಗಳಲ್ಲಿ ಕೇಳಿಬಂದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ನಾನು ಆತುರದ ಪಟ್ಟಿಗೆ ಸೇರಿಸುವುದಿಲ್ಲ. ಗುರುಗಳಿಂದ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಸಂಘಟನೆಗಳು, ಪ್ರಿವೋಸ್ಟ್ ಅವರು ತಮ್ಮ ಸಂನ್ಯಾಸಿ ಸಭೆಯ ಮುಖ್ಯಸ್ಥರಾಗಿಯೂ ಚಿಕ್ಲಾಯೊದ ಧರ್ಮಾಧ್ಯಕ್ಷರಾಗಿಯೂ ದೂರುಗಳನ್ನು ಹೇಗೆ ನಿಭಾಯಿಸಿದರು ಎಂದು ಕೇಳಿದವು. ನಿಯಮದ ಪ್ರಕಾರವೇ ನಡೆದುಕೊಂಡಿದ್ದಾರೆ ಎಂದು ಚಿಕ್ಲಾಯೊ ಧರ್ಮಪ್ರಾಂತ್ಯ ಹೇಳಿದೆ. ಸಂಭ್ರಮದ ಹೊತ್ತಿನಲ್ಲಿ ಇದನ್ನು ಕೇಳಬಾರದಿತ್ತು ಎಂದವರನ್ನು ನಾನು ಒಪ್ಪುವುದಿಲ್ಲ. ಉಡುಪಿನ ಬಣ್ಣವನ್ನು ನೋಡಿ ಗಾಬರಿಗೊಳ್ಳುವುದು ಬೇರೆ, ಒಬ್ಬ ಅಧಿಕಾರಿ ಮಾಡಿದ, ಮಾಡದ ಕೆಲಸದ ಲೆಕ್ಕ ಕೇಳುವುದು ಬೇರೆ. ನೊಂದವರಿಗೆ ಆ ಲೆಕ್ಕ ಕೇಳಲು ಶುಭಮುಹೂರ್ತ ಬೇಕಾಗಿಲ್ಲ.

ಲಿಯೋ ಅವರು ತಮ್ಮ ಹೆಸರಿನ ಬಗ್ಗೆ ಮೇ 10ರಂದು ಕಾರ್ಡಿನಲ್‌ಗಳ ಮುಂದೆ ತಾವೇ ವಿವರಣೆ ಕೊಟ್ಟರು. ಪೋಪ್ ಹದಿಮೂರನೆಯ ಲಿಯೋ ಇಡೀ ಧರ್ಮಸಭೆಗೆ ಬರೆದ 1891ರ ವಿಶ್ವಪತ್ರದಲ್ಲಿ ಕಾರ್ಮಿಕರ ಹಕ್ಕು, ನ್ಯಾಯವಾದ ಕೂಲಿಯ ಪರವಾಗಿ ನಿಂತಂತೆ, ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲಿ ಮನುಷ್ಯನ ಘನತೆ ಮತ್ತು ದುಡಿಮೆಯ ಪರವಾಗಿ ಧರ್ಮಸಭೆ ಮಾತನಾಡಬೇಕಾಗಿದೆ ಎಂಬುದು ಅದರ ಸಾರ. ಅದಕ್ಕೂ ಎರಡು ದಿನ ಮೊದಲು, ಮೊಗಸಾಲೆಯಲ್ಲಿ ನಿಂತು, ಅವರು ಸಂತ ಅಗಸ್ಟೀನರ ಮಾತೊಂದನ್ನು ನೆನಪಿಸಿದ್ದರು: ನಿಮ್ಮೊಂದಿಗೆ ನಾನು ಕ್ರೈಸ್ತ, ನಿಮಗಾಗಿ ನಾನು ಧರ್ಮಾಧ್ಯಕ್ಷ. ಮೊತ್ಸೆತ್ತಾ ಕುರಿತು ಬರೆದವರಲ್ಲಿ ಎಷ್ಟು ಮಂದಿ ಈ ಮಾತನ್ನು ಕೇಳಿಸಿಕೊಂಡರೋ ನಾನರಿಯೆ.

ಅಳೆಯಲೇಬೇಕೆನ್ನುವವರಿಗೆ ಅಳೆಯುವ ಸಂಗತಿಗಳು ಮುಂದೆ ಸಾಕಷ್ಟು ಸಿಗುತ್ತವೆ. ಹಿಂದೆ ಧರ್ಮಾಧ್ಯಕ್ಷರನ್ನು ಆರಿಸಲು ಫ್ರಾನ್ಸಿಸ್ ಅವರಿಗೆ ನೆರವಾಗಿದ್ದವರು ಈಗ ತಾವೇ ಎಂಥವರನ್ನು ನೇಮಿಸುತ್ತಾರೆ, ವ್ಯಾಟಿಕನ್‌ನ ಹಣಕಾಸಿನ ಕೊರತೆಯನ್ನು ಹೇಗೆ ನಿಭಾಯಿಸುತ್ತಾರೆ, ನೊಂದವರ ದೂರು ಮೇಜಿಗೆ ಬಂದಾಗ ಯಾರ ಪಕ್ಕ ನಿಲ್ಲುತ್ತಾರೆ ಎಂಬುದನ್ನು ನೋಡಿ ಮಾತನಾಡೋಣ. ಇದಕ್ಕೆ ವಾರಗಳಲ್ಲ, ವರ್ಷಗಳು ಬೇಕಾಗುತ್ತವೆ. ಅಲ್ಲಿಯವರೆಗೆ ಭಾನುವಾರದ ಬಲಿಪೂಜೆಯಲ್ಲಿ ಅವರ ಹೆಸರು ಬಂದಾಗ, ಅವರು ಯಾವ ಬಣದವರೆಂದು ಯೋಚಿಸದೆ ಪ್ರಾರ್ಥಿಸುವುದು ನಮ್ಮಿಂದ ಆಗುವ ಕೆಲಸ. 2013ರ ಮಾರ್ಚ್ 13ರ ರಾತ್ರಿ ಅದೇ ಮೊಗಸಾಲೆಯಲ್ಲಿ ತಲೆ ಬಾಗಿಸಿ ನಿಂತ ಫ್ರಾನ್ಸಿಸ್, ಜನರಿಗೆ ಆಶೀರ್ವಾದ ಕೊಡುವ ಮೊದಲು ಅವರಿಂದ ಕೇಳಿಕೊಂಡದ್ದೂ ಅಷ್ಟನ್ನೇ.