ಅಕ್ಷರ ಹುಟ್ಟಿಸುವ ಮೊದಲು ಬಸ್ ಬೋರ್ಡು ನೋಡು

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ರಜೆಗೆ ಕಾಸರಗೋಡಿನ ನಮ್ಮ ಬದಿಯಡ್ಕಕ್ಕೆ ಬಂದವಳ ಕೈಯಲ್ಲಿ ಒಂದು ನೋಟ್‌ಬುಕ್. ಅವಳದ್ದೇ ಒಂದು ಭಾಷೆಯಂತೆ, ಅದಕ್ಕೆ ಅವಳೇ ಮಾಡಿದ ಲಿಪಿಯಂತೆ. "ಮಾವ, ಇದನ್ನು ಯಾರಿಗೂ ಓದ್ಲಿಕ್ಕೆ ಆಗುದಿಲ್ಲ" ಅಂತ ಹೆಮ್ಮೆ ಬೇರೆ.

ಎಣಿಸಿದೆ. ಕನ್ನಡದ್ದೇ ಲೆಕ್ಕ, ಸರಿಯಾಗಿ 49 ಅಕ್ಷರ! ಅ ಜಾಗದಲ್ಲಿ ಒಂದು ಸುರುಳಿ, ಆ ಜಾಗದಲ್ಲಿ ಅದೇ ಸುರುಳಿಗೆ ಬಾಲ, ಹೀಗೇ ಳ ತನಕ. ನಿನ್ನ ಭಾಷೆಯಲ್ಲಿ ಮಹಾಪ್ರಾಣ ಉಂಟಾ ಅಂತ ಕೇಳಿದೆ. ಇಲ್ಲವಂತೆ. ಮತ್ತೆ ಈ ಖ, ಘ ಯಾರಿಗೆ ಮಾರಾಯ್ತಿ?

ನಗಲು ನನಗೇನೂ ಹಕ್ಕಿಲ್ಲ, ಹೈಸ್ಕೂಲಿನಲ್ಲಿ ನಾನೂ ಇದನ್ನೇ ಮಾಡಿದ್ದೆ. ಹೊಸ ಲಿಪಿ ಅಂತ ಹೆಚ್ಚಿನವರು ಮಾಡುವುದು ಕನ್ನಡಕ್ಕೆ ಬಣ್ಣ ಹಚ್ಚಿ ಕಿರೀಟ ಕಟ್ಟುವ ಕೆಲಸ. ಯಕ್ಷಗಾನದವರು ಬಣ್ಣ ಹಚ್ಚುವ ಚೌಕಿಗೆ ಹೋಗಿ ಇಣುಕಿದರೆ ಒಳಗೆ ಕೂತಿರುವುದು ಅದೇ ಹಳೇ ವರ್ಣಮಾಲೆ. ಗುಟ್ಟಿನ ಚೀಟಿಗೆ ಅಷ್ಟು ಸಾಕು, ಹೊಸ ಭಾಷೆಗೆ ಸಾಲದು.

ಕನ್ನಡ, ಮಲಯಾಳ ಎರಡೂ ನೋಡುವ ಕಾಸರಗೋಡಿನವರಿಗೆ ಇದು ಬೇಗ ಅರ್ಥ ಆಗಬೇಕು. ಬಸ್ಸಿನ ಮಲಯಾಳ ಬೋರ್ಡು ನೋಡಿ. ಊರಿನ ಹೆಸರಿನ 'ಗೋ' ಬರೆಯುವಾಗ ನಾವು ಸ್ವರದ ಗುರುತನ್ನೆಲ್ಲ ಗ-ದ ತಲೆ ಮೇಲೆ, ಬಲಕ್ಕೆ ಹಾಕುತ್ತೇವೆ. ಅವರು ಗ-ವನ್ನು ನಡುವೆ ಕೂರಿಸಿ ಎಡಕ್ಕೊಂದು, ಬಲಕ್ಕೊಂದು ಗುರುತು ನಿಲ್ಲಿಸುತ್ತಾರೆ. ಅಂದರೆ ಬಾಯಿಗೆ ಗ್ ಮೊದಲು, ಕಣ್ಣಿಗೆ ಸ್ವರದ ಅರ್ಧ ಮೊದಲು! ಎರಡೂ ಬ್ರಾಹ್ಮಿಯಿಂದಲೇ ಬಂದ ಲಿಪಿಗಳು, ಅಕ್ಕಪಕ್ಕದ ಮನೆಯವು, ಆದರೂ ಸ್ವರ ಎಲ್ಲಿ ಕೂರಬೇಕು ಅನ್ನುವುದರಲ್ಲೇ ದಾರಿ ಬೇರೆ. ಲಿಪಿ ಮಾಡುವವರು ಮೊದಲು ತಲೆ ಕೆಡಿಸಿಕೊಳ್ಳಬೇಕಾದ್ದು ಇದಕ್ಕೆ, ಸುರುಳಿ ಎಷ್ಟು ಚಂದ ಬಂತು ಅನ್ನುವುದಕ್ಕಲ್ಲ.

ಕೊರಿಯಾದ ರಾಜ ಸೇಜೋಂಗ್ 1443ರಲ್ಲಿ ಮಾಡಿ 1446ರಲ್ಲಿ ಹೊರತಂದ ಲಿಪಿಯಲ್ಲಿ 28 ಅಕ್ಷರ. 'ನ'ಕಾರದ ಗೆರೆ ನಾಲಗೆಯ ತುದಿ ಮೇಲೇಳುವ ಚಿತ್ರ, 'ಕ'ಕಾರದ್ದು ನಾಲಗೆಯ ಬುಡ ಏಳುವ ಚಿತ್ರ. ಆ 'ಕ'ಕಾರಕ್ಕೇ ಇನ್ನೊಂದು ಗೆರೆ ಹಾಕಿದರೆ 'ಖ' ಆಗುತ್ತದೆ. ನಮ್ಮಲ್ಲೂ ಅರ್ಧಂಬರ್ಧ ಉಂಟು: ದ-ದ ಹೊಟ್ಟೆ ಕೆಳಗೆ ಸೀಳಿದರೆ ಧ, ಪ ಸೀಳಿದರೆ ಫ. ಆದರೆ ಕ ನೋಡಿ ಖ ಹೇಗಿರುತ್ತದೆ ಅಂತ ಯಾರೂ ಊಹಿಸಲಿಕ್ಕಿಲ್ಲ.

ಹಾಗಂತ ಲೆಕ್ಕಾಚಾರ ಜಾಸ್ತಿಯಾದರೂ ಕಷ್ಟ. ನನ್ನ ಲಿಪಿಯಲ್ಲಿ ಹತ್ತು ಅಕ್ಷರಕ್ಕೆ ಒಂದೇ ಆಕಾರ, ಚುಕ್ಕಿ ಮಾತ್ರ ಬೇರೆ ಬೇರೆ ಜಾಗದಲ್ಲಿ. ಬರೆದಾಗ ಭಾರೀ ಬುದ್ಧಿವಂತಿಕೆ ಅನ್ನಿಸಿತ್ತು. ಒಂದು ಮಳೆಗಾಲ ಕಳೆದು ತೆಗೆದರೆ ಶಾಯಿ ಹಬ್ಬಿ ಚುಕ್ಕಿ ಯಾವುದು, ಕಲೆ ಯಾವುದು ಗೊತ್ತಾಗಲಿಲ್ಲ. ನಾನೇ ಬರೆದ ನಾಲ್ಕು ಪುಟ ನನಗೇ ಓದಲಾಗಲಿಲ್ಲ.

ಪೂರ್ವ ಭಾರತದ ಸಂತಾಲ ಬುಡಕಟ್ಟಿನವರ ಸಂತಾಲಿ ಭಾಷೆಗೆ ರಘುನಾಥ ಮುರ್ಮು 1925ರಲ್ಲಿ ಮಾಡಿದ ಓಲ್ ಚಿಕಿ ಎಂಬ ಲಿಪಿಯಲ್ಲಿ ಬರೀ 30 ಅಕ್ಷರ. ತಮ್ಮ ಭಾಷೆಯ ಸದ್ದು ಕೇಳಿ ಮಾಡಿದ್ದು. ಇವತ್ತಿಗೂ ಜನ ಅದರಲ್ಲಿ ಬರೆಯುತ್ತಾರೆ.

ಹುಡುಗಿಗೆ ಒಂದೇ ಕೆಲಸ ಕೊಟ್ಟೆ. ಅಂಗಡಿ ಸಾಮಾನಿನ ಪಟ್ಟಿಯನ್ನು ನಿನ್ನ ಲಿಪಿಯಲ್ಲಿ ಗಡಿಬಿಡಿಯಿಂದ ಗೀಚು, ಒಂದು ವಾರ ಬಿಟ್ಟು ಓದು. ಮೊನ್ನೆ ಓದಿದಳು. ಬೆಲ್ಲ, ಉಪ್ಪು ಸಲೀಸಾಗಿ ಬಂತು. ಮೂರನೆಯದು ಕಡಲೆಯೋ ಕೊಡಲಿಯೋ ಅಂತ ಅವಳಿಗೇ ಗೊತ್ತಾಗಲಿಲ್ಲ. ಸಂಜೆ ನೋಡಿದರೆ ಖ, ಘ ಎಲ್ಲ ಹೊಡೆದು ಹಾಕಿ, ಸ್ವರಗಳನ್ನು ಹೊಸ ಪುಟದಲ್ಲಿ ಮತ್ತೆ ಬರೆಯುತ್ತಾ ಕೂತಿದ್ದಳು.