ಹಾರೋ ಟ್ಯಾಕ್ಸಿ ಇಳಿದ ಮೇಲೆ?

ಹೋದ ದೀಪಾವಳಿಗೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಬಂದೆ. ತಾಸಿನ ಮೇಲೆ ಒಂದಿಷ್ಟು ನಿಮಿಷ, ಅಷ್ಟೇ. ಆದರೆ ವಿಮಾನ ನಿಲ್ದಾಣವಿರೋ ಗೋಕುಲ ರೋಡಿನಿಂದ ಧಾರವಾಡದ ಮನೆ ಮುಟ್ಟೋದಕ್ಕೆ ಒಂದೂವರೆ ತಾಸು ಹಿಡಿಯಿತು. ಮೊದಲು ಆಟೋದವನ ಜೊತೆ ಚೌಕಾಸಿ. ಹುಬ್ಬಳ್ಳಿಯದೇ ಹೊಸೂರಲ್ಲಿ ಇಳಿದು, ದೊಡ್ಡ ಬ್ಯಾಗು ಎಳೆಯುತ್ತ ಅರ್ಧ ರಸ್ತೆ ದಾಟಿ, ನಡುವಿನ ಚಿಗರಿ ನಿಲ್ದಾಣಕ್ಕೆ ಹತ್ತಿದೆ. ಚಿಗರಿ ಅಂದರೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡೋ ಬಿಆರ್‌ಟಿಎಸ್ ಬಸ್ಸು. ಧಾರವಾಡದ ಟೋಲ್ ನಾಕಾದಲ್ಲಿ ಇಳಿದು ಮತ್ತೆ ಆಟೋ, ಮತ್ತೆ ಚೌಕಾಸಿ.

ಮನೆಯಲ್ಲಿ ಕಾಕಾ ಮೊಬೈಲ್ ಮುಂದೆ ಹಿಡಿದರು. ದುಬೈನ ಹಾರೋ ಟ್ಯಾಕ್ಸಿ ವಿಡಿಯೋ. ‘ನಿಮ್ಮೂರಾಗ ಇದು ಬರ್ತದಂತಲ್ಲೋ?’

ನಾನಿರೋದು ದುಬೈನಲ್ಲೇ. ಈ ಟ್ಯಾಕ್ಸಿಗಾಗಿ ಜೋಬಿ ಎಂಬ ಅಮೆರಿಕದ ಕಂಪನಿ ಜೊತೆ 2024ರಲ್ಲಿ ಅಲ್ಲಿ ಒಪ್ಪಂದ ಆಯಿತು. ಬ್ಯಾಟರಿಯಲ್ಲಿ ನಡೆಯೋ ವಿಮಾನ. ನೆಟ್ಟಗೆ ಮೇಲೇಳುತ್ತದೆ, ಪೈಲಟ್ ಬಿಟ್ಟು ನಾಲ್ಕು ಜನ ಕೂರಬಹುದು. ಕಾರಿನಲ್ಲಿ 45 ನಿಮಿಷ ಹಿಡಿಯೋ ಪಾಮ್ ಜುಮೇರಾಕ್ಕೆ ಏರ್‌ಪೋರ್ಟಿನಿಂದ ಹತ್ತೇ ನಿಮಿಷ ಎನ್ನುತ್ತಾರೆ. ಎಲ್ಲರೂ ಆ ಹತ್ತು ನಿಮಿಷವನ್ನೇ ನೋಡುತ್ತಾರೆ. ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ: ಏರ್‌ಪೋರ್ಟ್ ಹತ್ತಿರ ಅದು ಇಳಿಯೋ ಜಾಗವನ್ನು ಮೆಟ್ರೋ ನಿಲ್ದಾಣದ ಪಕ್ಕಕ್ಕೇ ಇಟ್ಟಿದ್ದಾರೆ. ಮೆಟ್ರೋ, ಬಸ್ಸು, ಟ್ರಾಮು, ನೀರಿನ ಬಸ್ಸಿಗೂ ಅಲ್ಲಿ ಒಂದೇ ನೋಲ್ ಕಾರ್ಡು. ಚಿಲ್ಲರೆ, ಚೌಕಾಸಿ ಏನೂ ಇಲ್ಲ. ಹಾಗಂತ ದುಬೈ ಸ್ವರ್ಗ ಅಲ್ಲ. ಅಗ್ಗದ ವಿಮಾನಗಳು ಬರೋ ಎರಡನೇ ಟರ್ಮಿನಲ್ಲಿಗೆ ಮೆಟ್ರೋನೇ ಇಲ್ಲ. ಜುಲೈ ಬಿಸಿಲಲ್ಲಿ ಅಲ್ಲಿ ಬಸ್ಸಿಗೆ ಕಾದು ನೋಡಿ, ಗೊತ್ತಾಗುತ್ತದೆ.

ಚಿಗರಿ ಏನು ಕಡಿಮೆಯದಲ್ಲ. ನಿಲ್ದಾಣದ ಕಟ್ಟೆ, ಬಸ್ಸಿನ ನೆಲ ಎರಡೂ ಒಂದೇ ಮಟ್ಟ. ಬ್ಯಾಗಿನ ಗಾಲಿ ಎತ್ತದೇ ಒಳಗೆ ಉರುಳುತ್ತದೆ. ಮೊಣಕಾಲು ನೋವಿನ ನಮ್ಮವ್ವ ಯಾರ ಕೈಯನ್ನೂ ಹಿಡಿಯದೆ ಹತ್ತುತ್ತಾಳೆ. 22 ಕಿಲೋಮೀಟರಲ್ಲಿ ಬಹುಪಾಲು ಬಸ್ಸಿಗೇ ಅಂತ ಬೇರೆ ದಾರಿ ಎಷ್ಟು ಊರಲ್ಲಿದೆ ಹೇಳಿ? ಆದರೆ ಆ ದಾರಿ ಹೋಗೋದು ವಿದ್ಯಾನಗರ, ಉಣಕಲ್, ನವನಗರದ ಮೇಲೆ. ಏರ್‌ಪೋರ್ಟ್ ಗೋಕುಲ ರೋಡಿನಲ್ಲಿ ಒಂಟಿಯಾಗಿ ಕೂತಿದೆ. ದಿನಕ್ಕೆ ಬರೋ ವಿಮಾನಗಳನ್ನು ಬೆರಳಲ್ಲಿ ಎಣಿಸಬಹುದು. ಅವುಗಳ ಹೊತ್ತಿಗೆ ಸರಿಯಾಗಿ ಹೊಸೂರಿಗೊಂದು ಸಣ್ಣ ಬಸ್ಸು ಬಿಟ್ಟು, ಅದರಲ್ಲೇ ಚಿಗರಿ ಟಿಕೆಟ್ಟೂ ಕೊಟ್ಟರೆ ಸಾಕು. ಇದಕ್ಕೆ ಬ್ಯಾಟರಿ ವಿಮಾನ ಬೇಕಿಲ್ಲ, ಅಲ್ವಾ?

ಮುಂದೊಂದು ದಿನ ಹಾರೋ ಟ್ಯಾಕ್ಸಿ ಇಲ್ಲಿಗೂ ಬಂದರೆ ನವನಗರದ ಚಿಗರಿ ನಿಲ್ದಾಣದ ಪಕ್ಕ ಇಳಿಯಲಿ. ಕಾಕಾಗೆ ಇದನ್ನೇ ಹೇಳಿದೆ. ಅವರು ವಿಡಿಯೋ ಮುಚ್ಚಿದರು. ‘ನವನಗರದಾಗ ಇಳದು ನಮ್ಮನೀಗೆ ಹೆಂಗ ಬರ್ತಿ? ಮತ್ತ ಆಟೋನ ಹೌದಿಲ್ಲೋ?’

ಈ ಸಲ ಸಣ್ಣ ಬ್ಯಾಗು ತರುತ್ತೇನೆ.