ಮೂರನೆಯವರಿಗೆ ಇಲ್ಲಿ ಜಾಗವಿಲ್ಲ

2024ರ ಏಪ್ರಿಲ್‌ನಲ್ಲಿ ಕೊಡಗಿನಲ್ಲಿ ಎರಡು ಪಂದ್ಯಾವಳಿಗಳು ಒಟ್ಟಿಗೆ ನಡೆದವು. ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬದ ಆತಿಥ್ಯದ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ 360 ತಂಡಗಳು ಹೆಸರು ನೋಂದಾಯಿಸಿ ಗಿನ್ನೆಸ್ ದಾಖಲೆಗೂ ಸೇರಿದವು. ಅದೇ ತಿಂಗಳ 26ರಂದು ನಡೆದ ಮೈಸೂರು–ಕೊಡಗು ಲೋಕಸಭಾ ಚುನಾವಣೆಯಲ್ಲಿ, ಮತಯಂತ್ರದ ಮೇಲೆ ಹೆಸರುಗಳು ಎಷ್ಟೇ ಇದ್ದರೂ, ನಿಜವಾಗಿ ಆಡಿದ ತಂಡಗಳು ಎರಡೇ. ಇವೆರಡರಲ್ಲಿ ದುಂದುವೆಚ್ಚದ ಏರ್ಪಾಡು ಯಾವುದೆಂದು ನಿಷ್ಪಕ್ಷಪಾತವಾಗಿ ನೋಡಿದರೆ, ಬೆರಳು ಹಾಕಿಯ ಕಡೆಗೇ ತೋರುತ್ತದೆ. ಕಪ್ ಇರುವುದು ಒಂದೇ ಎಂದು ಗೊತ್ತಿದ್ದೂ ಉಳಿದ 358 ಕುಟುಂಬಗಳವರು ಸುಡುಬಿಸಿಲಿನಲ್ಲಿ ಕೋಲು ಹಿಡಿದು ಓಡುವುದು ಎಂಥ ಅವಿವೇಕ! ಫೈನಲಿಗೆ ಬರುವ ಎರಡು ಮನೆತನಗಳನ್ನು ಮೊದಲೇ ಗೊತ್ತುಮಾಡಿ, ಮಿಕ್ಕವರಿಗೆ ಗೆಲ್ಲುವವರ ಪರವಾಗಿ ಚಪ್ಪಾಳೆ ತಟ್ಟಿ ಸಾಕು ಎಂದು ತಿಳಿಹೇಳಿದ್ದರೆ, ತಿಂಗಳ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿದುಹೋಗುತ್ತಿತ್ತು. ನಮ್ಮ ಪ್ರಜಾಪ್ರಭುತ್ವ ಈ ಜಾಣತನವನ್ನು ಎಂದೋ ಕಲಿತಿದೆ.

ಚುನಾವಣೆ ಹತ್ತಿರ ಬಂದಾಗ ತೋಟಗಳ ಕಾರ್ಮಿಕರಿರುವ ಲೈನ್ ಮನೆಗಳ ಮುಂದೆ ಎರಡೂ ಪಕ್ಷಗಳ ಕಾರ್ಯಕರ್ತರು ಒಬ್ಬರ ಬೆನ್ನಿಗೊಬ್ಬರಂತೆ ಬರುತ್ತಾರೆ. ಅವರ ಶಾಲು ಬೇರೆ, ಕರಪತ್ರ ಬೇರೆ, ಎದುರಾಳಿಯನ್ನು ಬೈಯುವ ಮಾತೂ ಬೇರೆ. ಆದರೆ ಅಂಗಳದಲ್ಲಿ ಕರಿಮೆಣಸು ಹರಡುತ್ತಿರುವ ಹೆಂಗಸೊಬ್ಬರು ತಲೆಯೆತ್ತಿ “ಈ ಸಲ ಬೇರೆ ಯಾರೂ ನಿಂತಿಲ್ವಾ ಅಣ್ಣಾ?” ಎಂದು ಕೇಳಿಬಿಟ್ಟರೆ ಇಬ್ಬರ ಬಾಯಿಂದಲೂ ಬರುವ ಉತ್ತರ ಒಂದೇ: “ನಿಂತವ್ರೆ ಅಕ್ಕಾ, ಆದ್ರೆ ಗೆಲ್ಲಲ್ಲ. ಸುಮ್ನೆ ಓಟು ವೇಸ್ಟ್ ಮಾಡ್ಬೇಡಿ.” ಬೆಲೆಯೇರಿಕೆಯಿಂದ ಹಿಡಿದು ಇತಿಹಾಸದವರೆಗೆ ಯಾವುದರಲ್ಲೂ ಒಮ್ಮತಕ್ಕೆ ಬಾರದ ಎರಡು ಪಕ್ಷಗಳು ಈ ಒಂದು ವಾಕ್ಯದಲ್ಲಿ ಅಕ್ಷರವೂ ಆಚೀಚೆಯಾಗದಂತೆ ಒಂದಾಗುತ್ತವೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಮಡಿಕೇರಿ, ವಿರಾಜಪೇಟೆ ಎರಡೂ ಕಡೆ ಗೆಲುವಿನ ಅಂತರ 5,000 ದಾಟಲಿಲ್ಲ. ಸೋತ ಮತವೆಲ್ಲ ಪೋಲು ಎನ್ನುವುದಾದರೆ ಅಲ್ಲಿ ಎರಡನೆಯ ಸ್ಥಾನಕ್ಕೆ ಬಿದ್ದ ಹತ್ತಾರು ಸಾವಿರ ಮತಗಳೂ ಪೋಲೇ ಆಗಬೇಕು. ಹಾಗೆ ಯಾರೂ ಹೇಳುವುದಿಲ್ಲ. ಎರಡನೆಯವರಿಗೆ ಬಿದ್ದ ಮತ ವೀರೋಚಿತ ಹೋರಾಟ, ಮೂರನೆಯವರಿಗೆ ಬಿದ್ದದ್ದು ಮಾತ್ರ ಪೋಲು.

ಈ ವಿದ್ಯೆಯಲ್ಲಿ ನಮಗಿಂತ ನುರಿತವರು ಅಮೆರಿಕದವರು. ಒಂದು ಕ್ಷೇತ್ರಕ್ಕೆ ಒಬ್ಬನೇ ಪ್ರತಿನಿಧಿ, ಹೆಚ್ಚು ಮತ ಪಡೆದವನೇ ವಿಜೇತ ಎಂಬ ಪದ್ಧತಿ ಇರುವಲ್ಲಿ ರಾಜಕೀಯವು ಎರಡು ಪಕ್ಷಗಳಿಗೆ ಇಳಿಯುತ್ತದೆಂದು ಫ್ರಾನ್ಸಿನ ರಾಜ್ಯಶಾಸ್ತ್ರಜ್ಞ ಮಾರಿಸ್ ದ್ಯುವರ್ಜೆ ವಿವರಿಸಿದ್ದನ್ನು ಅವರು ಸಿದ್ಧಾಂತವೆಂದು ಓದದೆ ಆಜ್ಞೆಯೆಂದೇ ಪಾಲಿಸುತ್ತಿದ್ದಾರೆ. 1992ರಲ್ಲಿ ರಾಸ್ ಪೆರೋ ಎಂಬ ಶ್ರೀಮಂತರು ಎರಡೂ ಪಕ್ಷಗಳನ್ನು ಬಿಟ್ಟು ಅಧ್ಯಕ್ಷ ಪದವಿಗೆ ನಿಂತು ನೂರಕ್ಕೆ ಸುಮಾರು 19 ಮತ ಪಡೆದರು. ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಮತಗಳಲ್ಲಿ ಅವರಿಗೆ ಸಿಕ್ಕಿದ್ದು ಸೊನ್ನೆ. ಟಿ.ವಿ.ಯ ಅಧ್ಯಕ್ಷೀಯ ಚರ್ಚೆಗೆ ಬರಬೇಕಾದರೆ ಜನಮತ ಸಮೀಕ್ಷೆಗಳಲ್ಲಿ ಶೇ. 15ರ ಬೆಂಬಲ ತೋರಿಸಬೇಕೆಂಬ ನಿಯಮವನ್ನು ಅಲ್ಲಿನ ಚರ್ಚಾ ಆಯೋಗ 2000ರಲ್ಲಿ ತಂದಿತು. ಟಿ.ವಿ.ಯಲ್ಲಿ ಕಾಣಿಸಿಕೊಳ್ಳದವನಿಗೆ ಶೇ. 15 ಎಲ್ಲಿಂದ ಬರಬೇಕು? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ನಮ್ಮ ಗಾದೆಯನ್ನು ಇಷ್ಟು ಅಚ್ಚುಕಟ್ಟಾಗಿ ಕಾನೂನು ಮಾಡಿದವರು ಬೇರಿಲ್ಲ. ಬ್ರಿಟನ್ನಿನವರೂ ಹಿಂದೆ ಬಿದ್ದಿಲ್ಲ: 1983ರಲ್ಲಿ ಶೇ. 27.6 ಮತಕ್ಕೆ ಲೇಬರ್ ಪಕ್ಷಕ್ಕೆ 209 ಸ್ಥಾನ ಬಂದರೆ, ಶೇ. 25.4 ಮತ ಪಡೆದ ಮೂರನೆಯ ಮೈತ್ರಿಕೂಟಕ್ಕೆ ಬಂದದ್ದು 23. ಹಾಗೆಂದು ಮೂರನೆಯವರಿಗೆ ದಾರಿಯೇ ಇಲ್ಲವೆನ್ನುವಂತಿಲ್ಲ. ಅಮೆರಿಕದಲ್ಲೇ 1854ರಲ್ಲಿ ಹೊಸಬರಾಗಿ ಹುಟ್ಟಿದ ರಿಪಬ್ಲಿಕನ್ನರು ವಿಗ್ ಪಕ್ಷ ಕರಗಿಹೋದ ಜಾಗದಲ್ಲಿ ಕುಳಿತು 1860ರಲ್ಲಿ ಲಿಂಕನ್ ಅವರನ್ನು ಗೆಲ್ಲಿಸಿದರು. ಕುಳಿತ ಮೇಲೆ ಬಾಗಿಲು ಹಾಕಿಕೊಂಡರು, ಅಷ್ಟೇ.

ಕರ್ನಾಟಕದ ಕಥೆ ಇದಕ್ಕಿಂತ ಸರಸವಾಗಿದೆ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬ ಮಾತನ್ನು ಪಕ್ಷದ ಪ್ರಣಾಳಿಕೆಯ ಮಟ್ಟಕ್ಕೆ ಏರಿಸಿದವರು ನಾವು. ತೆನೆ ಹೊತ್ತ ಮಹಿಳೆಯ ಪಕ್ಷವು 2004ರಲ್ಲಿ ಕೈ ಜೊತೆ ಸರ್ಕಾರ ಮಾಡಿತು, 2006ರಲ್ಲಿ ಕಮಲದ ಜೊತೆ ಮಾಡಿತು, 2018ರಲ್ಲಿ 37 ಸ್ಥಾನ ಗೆದ್ದು ಮತ್ತೆ ಕೈ ಜೊತೆ ಸೇರಿ ಮುಖ್ಯಮಂತ್ರಿ ಪದವಿಯನ್ನೇ ಪಡೆಯಿತು, 2023ರಲ್ಲಿ 19ಕ್ಕೆ ಇಳಿದು ಅದೇ ಸೆಪ್ಟೆಂಬರ್‌ನಲ್ಲಿ ಪುನಃ ಕಮಲದ ಕಡೆ ನಡೆಯಿತು. ಇಬ್ಬರಿಗೂ ಪರ್ಯಾಯ ಎಂದು ಮತ ಹಾಕಿದವನಿಗೆ ಪಾಳಿಯ ಮೇಲೆ ಇಬ್ಬರೂ ಸಿಕ್ಕಿದರು. ಮೂರನೆಯ ಪಕ್ಷ ಬೇಕೆನ್ನುವವರು ಇದಕ್ಕಿಂತ ಹೆಚ್ಚಿನ ಉದಾರತೆಯನ್ನು ಇನ್ನೆಲ್ಲಿ ನಿರೀಕ್ಷಿಸುತ್ತಾರೋ ತಿಳಿಯದು.

ಅಷ್ಟಕ್ಕೂ ಎರಡೇ ಪಕ್ಷಗಳಿರುವುದರ ಸುಖವನ್ನು ಕೊಡಗಿನವರು ಮರೆಯಬಾರದು. ಸಿದ್ದಾಪುರದ ಕಡೆಯ ತೋಟವೊಂದಕ್ಕೆ ರಾತ್ರಿ ಆನೆ ನುಗ್ಗಿ, ಬೆಳಿಗ್ಗೆ ನೋಡಿದರೆ ಬಾಳೆ ನೆಲಕ್ಕೊರಗಿ, ಕಾಫಿ ಗಿಡ ಬುಡಸಮೇತ ಮಗುಚಿ, ಕಣದ ಅಂಚಿನಲ್ಲಿ ಬೋಗುಣಿಯಷ್ಟಗಲದ ಹೆಜ್ಜೆಯಲ್ಲಿ ನೀರು ನಿಂತಿದೆ ಎನ್ನಿ. ರಾಜ್ಯದಲ್ಲಿ ಆಳುವವರನ್ನು ಕೇಳಿದರೆ, 1972ರ ವನ್ಯಜೀವಿ ಕಾಯ್ದೆ ಕೇಂದ್ರದ್ದು, ನಮ್ಮ ಕೈ ಕಟ್ಟಿದೆ ಎನ್ನುತ್ತಾರೆ. ಕೇಂದ್ರದಲ್ಲಿ ಆಳುವವರ ಕಡೆಯವರನ್ನು ಕೇಳಿದರೆ, ಅರಣ್ಯ ಇಲಾಖೆಯೂ ಪರಿಹಾರವೂ ರಾಜ್ಯದ್ದು, ಅವರನ್ನೇ ಕೇಳಿ ಎನ್ನುತ್ತಾರೆ. ಎರಡೂ ಉತ್ತರಗಳು ಬಹುಮಟ್ಟಿಗೆ ಸತ್ಯವಾಗಿರುವುದೇ ಈ ವ್ಯವಸ್ಥೆಯ ಸೊಗಸು. ನಡುವೆ ಮೂರನೆಯವರೊಬ್ಬರು ಬಂದು ಇಬ್ಬರನ್ನೂ ಒಂದೇ ಸಭೆಗೆ ಕರೆದು ಕೂರಿಸಿದರೆ ಆ ಉತ್ತರಗಳಿಗೆ ಎಲ್ಲಿಯ ನೆಲೆ? ರೈಲಿನದೂ ಇದೇ ಪಾಡು. ಜಿಲ್ಲೆಯಲ್ಲಿ ಒಂದಡಿ ರೈಲು ಮಾರ್ಗವಿಲ್ಲ. ಮೈಸೂರು–ಕುಶಾಲನಗರ ರೈಲು ಚುನಾವಣೆಯಿಂದ ಚುನಾವಣೆಗೆ ಮಾತ್ರ ತಪ್ಪದೆ ಓಡುತ್ತಿದೆ. ಆದರೂ ಹಳಿಗಳು ಬಂದಿಲ್ಲವೆಂದು ದೂರುವುದು ಕೃತಘ್ನತೆಯಾದೀತು. ಬೇರೆ ಕಡೆ ಸವೆದ ಹಳಿಗಳನ್ನು ತಂದು ಕಾಡಂಚಿನಲ್ಲಿ ಆನೆಗೆ ಅಡ್ಡವಾಗಿ ನಿಲ್ಲಿಸಿದ್ದಾರೆ.

ಇಷ್ಟಾದರೂ ಇಬ್ಬರೂ ಬೇಡವೆನ್ನುವ ಹಟಮಾರಿಗಳಿಗಾಗಿ, ಸುಪ್ರೀಂ ಕೋರ್ಟಿನ ತೀರ್ಪಿನಂತೆ 2013ರಿಂದ ನೋಟಾ ಗುಂಡಿ ಇದೆ. ಧ್ವಜವಿಲ್ಲ, ನಾಯಕನಿಲ್ಲ, ಠೇವಣಿ ಕಳೆದುಕೊಳ್ಳುವ ಭಯವಿಲ್ಲ, ಪಕ್ಷಾಂತರವಂತೂ ಸಾಧ್ಯವೇ ಇಲ್ಲ. 2024ರಲ್ಲಿ ಇಂದೋರ್ ಲೋಕಸಭಾ ಕ್ಷೇತ್ರದಲ್ಲಿ ಅದಕ್ಕೆ 2 ಲಕ್ಷಕ್ಕೂ ಹೆಚ್ಚು ಮತ ಬಿದ್ದು ಎರಡನೆಯ ಸ್ಥಾನ ಸಿಕ್ಕಿತು. ಮೊದಲ ಸ್ಥಾನವೇ ಸಿಕ್ಕಿದ್ದರೂ ಗೆದ್ದವರು ಗೆದ್ದೇ ಇರುತ್ತಿದ್ದರು. ಇಷ್ಟು ನಿರುಪದ್ರವಿಯಾದ ಮೂರನೆಯ ಪಕ್ಷವನ್ನು ಯಾವ ಆಳುವವರೂ ಬೇಡವೆನ್ನಲಾರರು.

ಕೊಡಗಿಗೆ ಒಮ್ಮೆ ಬೇರೆ ಬಗೆಯ ಅನುಭವವೂ ಇತ್ತು. 1952ರಲ್ಲಿ ಇದು ತನ್ನದೇ ವಿಧಾನಸಭೆಯುಳ್ಳ ರಾಜ್ಯವಾಗಿದ್ದಾಗ 24 ಸ್ಥಾನಗಳಲ್ಲಿ ಕಾಂಗ್ರೆಸ್ 15 ಗೆದ್ದಿತು. ಮೈಸೂರಿನೊಡನೆ ವಿಲೀನ ಬೇಡವೆಂದ, ಪಂದ್ಯಂಡ ಬೆಳ್ಳಿಯಪ್ಪ ಅವರ ಮುಂದಾಳುತನದ ‘ತಕ್ಕಡಿ’ ಬಣದ ಪಕ್ಷೇತರರು 9 ಗೆದ್ದು ಎದುರು ಕುಳಿತರು. ದೇಶದ ದೊಡ್ಡ ಪಕ್ಷದ ಲೆಕ್ಕಕ್ಕೆ ಸೇರದ ಒಂದು ಊರಿನ ಪ್ರಶ್ನೆಗೆ ಒಂದು ಊರಿನ ಗುರುತು ಇತ್ತು. 1956ರಲ್ಲಿ ವಿಲೀನವಾಯಿತು, ವಿಧಾನಸಭೆ ಹೋಯಿತು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಂದು 3 ಕ್ಷೇತ್ರಗಳಿದ್ದುದು 2008ರಲ್ಲಿ 2 ಆಯಿತು. ಇಪ್ಪತ್ತನಾಲ್ಕರಿಂದ ಮೂರು, ಮೂರರಿಂದ ಎರಡು ಎಂಬ ಈ ಪ್ರಗತಿ ಹೀಗೆಯೇ ಮುಂದುವರಿದು ಮುಂದಿನ ಮರುವಿಂಗಡಣೆಯಲ್ಲಿ ಜಿಲ್ಲೆಗೆ ಒಂದೇ ಕ್ಷೇತ್ರ ಉಳಿದರೆ, ಮೂರನೆಯ ಪಕ್ಷದ ಚರ್ಚೆ ಹಾಗಿರಲಿ, ಎರಡನೆಯದರ ಖರ್ಚಾದರೂ ಯಾಕೆ ಎಂದು ಯಾರಾದರೂ ಜಾಣರು ಕೇಳಿಯೇ ಕೇಳುತ್ತಾರೆ. ಆಗ ಅಂಗಳಕ್ಕೆ ಬರುವ ಕಾರ್ಯಕರ್ತ ಒಬ್ಬನೇ ಆದ್ದರಿಂದ ಓಟು ವೇಸ್ಟ್ ಮಾಡಬೇಡಿ ಎಂದು ಹೇಳುವ ಅಗತ್ಯವೂ ಅವನಿಗೆ ಬೀಳದು.